ಹೆಸರು ಮುಚ್ಚಿ ಸುದ್ದಿ ತಿದ್ದಿದ್ದು: ನನ್ನ ಅನುಭವ

ಚಿತ್ರದುರ್ಗದಲ್ಲಿ ಸಣ್ಣ ದಿನಪತ್ರಿಕೆ ನಡೆಸುತ್ತೇನೆ. ಚುನಾವಣೆಯಲ್ಲಿ ಯಾರ ಕಡೆಗೂ ವಾಲದೆ ಪೇಪರ್ ತರುತ್ತೇನೆ ಅಂದಾಗ ನಮ್ಮ ಜಾಹೀರಾತು ವಿಭಾಗದ ಹುಡುಗನೇ ನಕ್ಕಿದ್ದ. 2024ರ ಲೋಕಸಭೆ ಚುನಾವಣೆ ಮುಗಿಯಿತು, ಪೇಪರ್ ಇನ್ನೂ ಬರುತ್ತಿದೆ.

2023ರ ವಿಧಾನಸಭೆ ಚುನಾವಣೆಗೆ ಸ್ಕೇಲ್ ಹಿಡಿದು ಕಾಲಂ ಸೆಂಟಿಮೀಟರ್ ಅಳೆದು ಮೂರೂ ಪಕ್ಷಕ್ಕೆ ಸಮ ಹಂಚಿದೆವು. ವಾರದೊಳಗೇ ಕೆಟ್ಟಿತು. ಸುದ್ದಿ ಇಲ್ಲದ ದಿನವೂ 'ಬಿರುಸಿನ ಪ್ರಚಾರ' ಅಂತ ಜಾಗ ತುಂಬಬೇಕು. ಅಳತೆ ಸಮ, ಓದಿದರೆ ಒಬ್ಬರಿಗೆ ಹೊಗಳಿಕೆ, ಇನ್ನೊಬ್ಬರಿಗೆ ಚುಚ್ಚು.

ಕೈ ಹಿಡಿದದ್ದು ಹೆಸರು ಮುಚ್ಚುವ ಪದ್ಧತಿ. ವರದಿಗಾರರ ಕಾಪಿಯಲ್ಲಿ ಅಭ್ಯರ್ಥಿ, ಪಕ್ಷ, ಚಿಹ್ನೆ ತೆಗೆದು ಅ, ಬ ಅಂತ ಹಾಕಿ ಡೆಸ್ಕಿನ ಇನ್ನೊಬ್ಬರಿಗೆ ಕೊಡುವುದು. ತಲೆಬರಹ ಅವರದೇ. ಹೆಸರು ಸೇರಿಸುವುದು ಪುಟ ಕಟ್ಟುವಾಗ.

ನಮ್ಮ ಕಡೆಗೆ ನೀರು ತರುವ ಭದ್ರಾ ಮೇಲ್ದಂಡೆ ಯೋಜನೆಯ ಸುದ್ದಿಗೆ ಮಾತ್ರ ಇದು ನಡೆಯಲಿಲ್ಲ. 2023ರ ಫೆಬ್ರುವರಿ ಬಜೆಟ್‌ನಲ್ಲಿ ಕೇಂದ್ರ 5,300 ಕೋಟಿ ಘೋಷಿಸಿತ್ತು ಅಲ್ವಾ? ದುಡ್ಡು ಬಂದಿಲ್ಲ ಅನ್ನುವವರು ಯಾರು, ಬರುತ್ತೆ ಅನ್ನುವವರು ಯಾರು, ಚಳ್ಳಕೆರೆ ಸಂತೆಯಲ್ಲಿ ಕೇಳಿದರೂ ಹೇಳುತ್ತಾರೆ. ಅ, ಬ ಹಾಕಿ ಏನು ಬಂತು! ಅದಕ್ಕೆ ಹೊಸ ನಿಯಮ ಮಾಡಿದೆ. ಮೊದಲ ಪ್ಯಾರಾದಲ್ಲಿ ಯಾವ ಮುಖಂಡರ ಮಾತೂ ಇರಬಾರದು. ಘೋಷಣೆ ಯಾವಾಗ, ಎಷ್ಟು, ಬಿಡುಗಡೆ ಎಷ್ಟು, ಕಾಗದದಲ್ಲಿ ಇದ್ದದ್ದಷ್ಟೇ. ಭಾಷಣವೆಲ್ಲ ಕೆಳಗೆ. 'ಕೇಂದ್ರದ ದ್ರೋಹ', 'ರಾಜ್ಯದ ನಿರ್ಲಕ್ಷ್ಯ' ಎರಡೂ ತಲೆಬರಹದಿಂದ ತಾವಾಗೇ ಬಿದ್ದುಹೋದವು.

ಸುಮ್ನೆ ಫೋಟೊಗಳ ಮೇಲೂ ಒಂದು ಪ್ರಯೋಗ ಮಾಡಿದೆ. ಅಲ್ಲಿವರೆಗೆ ಒಬ್ಬರದು ಹತ್ತಿರದಿಂದ ತೆಗೆದ ನಗುಮುಖ, ಇನ್ನೊಬ್ಬರು ಗುಂಪಿನಲ್ಲಿ ಬೆವರು ಒರೆಸುತ್ತಿರುವುದು ಬರುತ್ತಿತ್ತು. ಎಲ್ಲರ ಮುಖವೂ ಹೆಬ್ಬೆರಳಿನಗಲ ಅಂತ ಮಾಡಿದೆ. ಖರ್ಚಿಲ್ಲ, ಜಗಳ ಅರ್ಧ ಕಡಿಮೆ.

ದುಡ್ಡಿಗೆ ಬರೋಣ. 'ಪ್ಯಾಕೇಜ್', ಅಂದರೆ ಕಾಸು ತಗೊಂಡು ಸುದ್ದಿಯಂತೆ ಪ್ರಚಾರ ಹಾಕುವುದು, ಬೇಡ ಅಂದದ್ದಕ್ಕೆ ಒಂದೂವರೆ ಲಕ್ಷದ ಹತ್ತಿರ ಕೈ ತಪ್ಪಿತು. ಎರಡು ತಿಂಗಳು ಅಚ್ಚು ಹಾಕುವ ಪ್ರೆಸ್ಸಿನವರಿಗೆ ಮುಖ ತೋರಿಸಲಿಲ್ಲ. ಕಾಸಿನ ಸುದ್ದಿ ಎಂಸಿಎಂಸಿ (ಚುನಾವಣೆ ವೇಳೆ ಮಾಧ್ಯಮಗಳ ಮೇಲೆ ಕಣ್ಣಿಡುವ ಸಮಿತಿ) ಕಣ್ಣಿಗೆ ಬಿದ್ದರೆ ನೋಟಿಸ್ ಅಭ್ಯರ್ಥಿಗೇ ಹೋಗುತ್ತದೆ, ಖರ್ಚು ಅವರ ಲೆಕ್ಕಕ್ಕೇ ಬೀಳುತ್ತದೆ. ಇದನ್ನೇ ಅಭ್ಯರ್ಥಿಗಳ ಕಡೆಯವರಿಗೆ ಬಿಡಿಸಿ ಹೇಳಿದೆ. ಮುನಿಸಿಕೊಂಡವರೇ ಕಡೆಯ ವಾರ ಬಂದರು, ಮೇಲೆ 'ಜಾಹೀರಾತು' ಅಂತ ಹಾಕಿಸಿಕೊಂಡೇ ಕೊಟ್ಟರು. ಎಂಬತ್ತು ಸಾವಿರದಷ್ಟು ಬಂತು, ಅದೂ ಮುಂಗಡ. ಪಕ್ಷದವರ ಬಾಕಿ ಇಲ್ಲದೆ ಚುನಾವಣೆ ಮುಗಿಸಿದ ಇನ್ನೊಂದು ಪೇಪರ್ ನಮ್ಮ ಊರಲ್ಲಿದ್ದರೆ ತೋರಿಸಿ! ಮುಂಗಡಕ್ಕೆ ಹೇಗೆ ಒಪ್ಪಿಸಿದೆ ಅನ್ನುವುದನ್ನು ಮಾತ್ರ ಹೇಳಲ್ಲ.

ಗ್ರಾಮ ಪಂಚಾಯಿತಿಗೆ ಈ ಪದ್ಧತಿ ಆಗಲ್ಲ. ಅಲ್ಲಿ ಪಕ್ಷದ ಚಿಹ್ನೆಯೇ ಇಲ್ಲ, ಬೀದಿ ಹೆಸರು ಬರೆದರೂ ಅಭ್ಯರ್ಥಿ ಯಾರಂತ ಗೊತ್ತಾಗುತ್ತದೆ. ಅದಕ್ಕೆ ಬೇರೆ ಏನೋ ನೋಡುತ್ತಿದ್ದೇನೆ.