ಕತ್ತಿಯೂ ಕೈಯಲ್ಲಿ, ಮ್ಯಾಪೂ ಕಣ್ಣಲ್ಲಿ: ಬ್ಲೇಡ್‌ಸ್ಟಾರ್ಮ್ ಆಡುವ ಬಗೆ

ಕಾಳಗ ಶುರುವಾದ ಕೂಡಲೇ ಓಡಬೇಡಿ. ಮೊದಲು ಮ್ಯಾಪ್ ತೆರೆಯಿರಿ. ಬ್ಲೇಡ್‌ಸ್ಟಾರ್ಮ್ ಎಂಬ ವಿಡಿಯೋ ಗೇಮ್ ಆಡಲು ಕೂತವರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ.

2000ರಲ್ಲಿ ಜಪಾನಿನ ಕೋಯಿ ಕಂಪನಿ ಪ್ಲೇಸ್ಟೇಷನ್ 2 ಎಂಬ ಗೇಮ್ ಯಂತ್ರಕ್ಕೆ ಎರಡು ಬೇರೆ ಬೇರೆ ಬಗೆಯ ಆಟ ತಂದಿತ್ತು. ಕೆಸ್ಸೆನ್‌ನಲ್ಲಿ ದಂಡನಾಯಕನಾಗಿ ಆಜ್ಞೆ ಕೊಡಬೇಕು. ಡೈನಾಸ್ಟಿ ವಾರಿಯರ್ಸ್ 2ರಲ್ಲಿ ಒಬ್ಬನೇ ನುಗ್ಗಿ ನೂರಾರು ಜನರನ್ನು ಹೊಡೆಯಬೇಕು. 2007ರ ಬ್ಲೇಡ್‌ಸ್ಟಾರ್ಮ್ ಈ ಎರಡನ್ನೂ ಒಂದೇ ಕಂಟ್ರೋಲರ್‌ಗೆ ತಂದಿತು. ಹಿನ್ನೆಲೆ ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವೆ 1337ರಿಂದ 1453ರವರೆಗೆ ನಡೆದ ನೂರು ವರ್ಷಗಳ ಯುದ್ಧ. ನೀವು ದುಡ್ಡಿಗೆ ಹೋರಾಡುವ ಬಾಡಿಗೆ ಸೈನಿಕ. ಇವತ್ತು ಇಂಗ್ಲೆಂಡ್ ಕಡೆ, ನಾಳೆ ಫ್ರಾನ್ಸ್ ಕಡೆ.

ನಾನು ಮುಂಬೈನ ಫೋರ್ಟ್ ಪ್ರದೇಶದ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್. ಮಧ್ಯಾಹ್ನ ಆಫೀಸಿನವರೆಲ್ಲ ಒಟ್ಟಿಗೆ ಬಂದಾಗ ನಾನೂ ಸಾಂಬಾರ್ ಬಕೆಟ್ ಹಿಡಿಯುತ್ತೇನೆ. ಬಡಿಸುತ್ತಿದ್ದರೂ ಯಾವ ಟೇಬಲ್ ಖಾಲಿಯಾಯಿತು, ಯಾರು ಬಿಲ್‌ಗೆ ಕಾಯುತ್ತಿದ್ದಾರೆ ಎಂದು ಕಣ್ಣು ಓಡುತ್ತಲೇ ಇರುತ್ತದೆ. ಈ ಆಟ ಕೇಳುವುದೂ ಅದೇ ಎಚ್ಚರ.

ಆಟ ಹೀಗೆ ನಡೆಯುತ್ತದೆ. ಮೈದಾನದಲ್ಲಿ ನಿಂತಿರುವ ಒಂದು ಪಡೆಯ ಹತ್ತಿರ ಹೋಗಿ, ಅದನ್ನು ನಿಮ್ಮ ಕೈಗೆ ತೆಗೆದುಕೊಳ್ಳಿ. ಆಮೇಲೆ ನೀವು ಹೋದಲ್ಲಿ ಅದೂ ಬರುತ್ತದೆ. ಕಂಟ್ರೋಲರ್‌ನ ಆರ್‌1 ಬಟನ್ ಒತ್ತಿ ಹಿಡಿದರೆ ಇಡೀ ಪಡೆ ಹೊಡೆಯುತ್ತದೆ. ಉಳಿದ ಬಟನ್‌ಗಳಲ್ಲಿ ಆ ಪಡೆಯ ವಿಶೇಷ ದಾಳಿಗಳಿವೆ. ಒಂದನ್ನು ಬಳಸಿದರೆ ಅದು ಮತ್ತೆ ಸಿದ್ಧವಾಗಲು ಸ್ವಲ್ಪ ಹೊತ್ತು ಬೇಕು. ಹೊಸಬರು ಆರ್‌1 ಹಿಡಿದುಕೊಂಡು ಗುಂಪಿನ ನಡುವೆಯೇ ನಿಂತುಬಿಡುತ್ತಾರೆ. ಸೋಲುವುದೇ ಅಲ್ಲಿ.

ಡೊಂಬಿವಲಿಯ ನಮ್ಮ ಮನೆಗೆ ರಜೆಯಲ್ಲಿ ಬಂದ ಅಕ್ಕನ ಮಗನಿಗೂ ಹೀಗೇ ಆಯಿತು. "ಮಾವ, ನನ್ನ ಕುದುರೆ ಪಡೆ ಪೂರ್ತಿ ಹೋಯ್ತು!"

"ಎದುರಿಗೆ ಯಾರಿದ್ರು ನೋಡಿದ್ಯಾ?"

"ಈಟಿಯವರು."

"ಹಂಗಾದ್ರೆ ಇಳಿ. ಕತ್ತಿಯವರನ್ನ ಕರ್ಕೊಂಡು ಬಾ."

ಈಟಿ ಕುದುರೆಯನ್ನು ಮುರಿಯುತ್ತದೆ, ಕುದುರೆ ಕತ್ತಿಯವರನ್ನು ತುಳಿಯುತ್ತದೆ, ಕತ್ತಿ ಈಟಿಯವರನ್ನು ಕಡಿಯುತ್ತದೆ. ಇಷ್ಟು ಬಾಯಿಪಾಠ ಇರಲಿ. ಒಂದೇ ಪಡೆಗೆ ಅಂಟಿಕೊಳ್ಳಬೇಡಿ, ಎದುರಾಳಿ ಬದಲಾದ ಹಾಗೆ ಪಡೆಯನ್ನೂ ಬದಲಿಸಿ.

ಕುದುರೆ ಪಡೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಆಟದ ಸೊಗಸೆಲ್ಲ ಅದರಲ್ಲೇ ಇದೆ. ದೂರದಿಂದ ಓಟ ಶುರು ಮಾಡಿ. ವೇಗ ಬಂದ ಮೇಲೆ ನುಗ್ಗುವ ದಾಳಿಯ ಬಟನ್ ಒತ್ತಿ. ಗುಂಪನ್ನು ಸೀಳಿಕೊಂಡು ಆ ಕಡೆಗೆ ಹೊರಗೆ ಬನ್ನಿ. ನಿಲ್ಲಬೇಡಿ! ಒಂದು ದೊಡ್ಡ ಸುತ್ತು ಹಾಕಿ. ಅಷ್ಟರಲ್ಲಿ ದಾಳಿ ಮತ್ತೆ ಸಿದ್ಧವಾಗಿರುತ್ತದೆ. ಆ ಸುತ್ತು ಹಾಕುವ ಹೊತ್ತೇ ನಿಮ್ಮ ದಂಡನಾಯಕನ ಹೊತ್ತು. ಯಾವ ಕೋಟೆಗೆ ಪೆಟ್ಟು ಬೀಳುತ್ತಿದೆ, ಈಟಿಯವರು ಯಾವ ಕಡೆ ಇದ್ದಾರೆ, ಮುಂದೆ ಎಲ್ಲಿಗೆ ಹೋಗಬೇಕು, ಎಲ್ಲ ಆಗಲೇ ನೋಡಿಕೊಳ್ಳಿ.

ನಿಜವಾದ ಯುದ್ಧದಲ್ಲೂ ಕುದುರೆಯನ್ನು ಸುಮ್ನೆ ನುಗ್ಗಿಸಿದವರ ಗತಿ ಗೊತ್ತೇ ಇದೆ. 1346ರಲ್ಲಿ ಕ್ರೆಸಿಯಲ್ಲಿ ಫ್ರೆಂಚ್ ಸವಾರರು ಏರಿನ ಮೇಲೆ ನಿಂತಿದ್ದ ಇಂಗ್ಲಿಷ್ ಸೈನ್ಯದ ಮೇಲೆ ಮತ್ತೆ ಮತ್ತೆ ನುಗ್ಗಿ, ಉದ್ದಬಿಲ್ಲಿನ ಬಾಣಗಳಿಗೆ ಬಲಿಯಾದರು. 1415ರಲ್ಲಿ ಅಜಿನ್‌ಕೋರ್ಟ್‌ನಲ್ಲಿ ಬಾಣಗಳ ಜೊತೆಗೆ ಕೆಸರು, ನೆಟ್ಟ ಗೂಟಗಳು ಬೇರೆ.

ಕೋಟೆ ಹಿಡಿಯುವಾಗ ಒಳಗಿನ ಕಾವಲಿನವರನ್ನು ಕಡಿಮೆ ಮಾಡುತ್ತಾ ಹೋಗಿ, ಅವರ ನಾಯಕ ಹೊರಬರುತ್ತಾನೆ. ಅವನು ಬಿದ್ದರೆ ಕೋಟೆ ನಿಮ್ಮದು. ಆಟದೊಳಗಿನ ಪ್ರತಿ ದಿನಕ್ಕೂ ಸಮಯದ ಮಿತಿ ಇದೆ. ಹಾಗಾಗಿ ದೂರದ ದೊಡ್ಡ ಕೋಟೆಗಿಂತ ದಾರಿಯಲ್ಲಿರುವ ಸಣ್ಣದನ್ನು ಮೊದಲು ಹಿಡಿಯಿರಿ.

ಇದೇ ಆಟದ 2015ರ ನೈಟ್‌ಮೇರ್ ಆವೃತ್ತಿಯಲ್ಲಿ ಹಲವು ನಾಯಕರನ್ನು ಒಂದೇ ಸೈನ್ಯವಾಗಿ ಸೇರಿಸಿ, ಒಬ್ಬರಿಂದ ಇನ್ನೊಬ್ಬರಿಗೆ ಬದಲಾಗಬಹುದು. ನನ್ನ ಪ್ರಕಾರ ಕೊಳ್ಳುವುದಾದರೆ ಇದನ್ನೇ ಕೊಳ್ಳಿ. ನಿಮ್ಮದು ಪ್ಲೇಸ್ಟೇಷನ್ 4 ಆಗಿದ್ದು, ಮುಂಬೈನ ಲ್ಯಾಮಿಂಗ್ಟನ್ ರೋಡ್‌ನಲ್ಲಿ ಸೆಕೆಂಡ್‌ಹ್ಯಾಂಡ್ ಡಿಸ್ಕ್ ಸಿಕ್ಕರೆ ಡಬ್ಬಿಯ ಮೇಲೆ ಪಿಎಸ್4 ಎಂದಿದೆಯೇ ನೋಡಿಕೊಳ್ಳಿ. ಪಿಎಸ್3ರ ಡಿಸ್ಕ್ ಪಿಎಸ್4ರಲ್ಲಿ ಓಡುವುದಿಲ್ಲ.