ಕಬ್ಬಿನ ಗದ್ದೆಯ ಕತ್ತಲು ಡಿವಿಡಿಗೆ ಇಳಿದ ಬಗೆ

ಅಪಹರಣದ ಥ್ರಿಲ್ಲರ್ ಅಂದರೆ ಅರ್ಧ ಸಿನಿಮಾ ಕತ್ತಲಲ್ಲಿ, ಇನ್ನರ್ಧ ಫೋನಿನಲ್ಲಿ. ಮನೆಯ ಟೀವಿಗೆ ಈ ಎರಡೂ ಆಗಿಬರುವುದಿಲ್ಲ. 2012ರಲ್ಲಿ ನಮ್ಮ ಸಿನಿಮಾದ ಡಿವಿಡಿ ಮಾಡಲು ಕೂತಾಗ ನನ್ನ ಕೆಲಸವೆಲ್ಲ ಈ ಎರಡರ ಸುತ್ತಲೇ ತಿರುಗಿತು.

ನಾನು ಆ ಸಿನಿಮಾದ ಎಡಿಟರ್. ಮೈಸೂರಿನ ಸರಸ್ವತಿಪುರಂನಲ್ಲಿ ಒಂದು ಬಾಡಿಗೆ ಕೋಣೆ, ಎರಡು ಮಾನಿಟರ್, ಬೇಸಿಗೆಯಲ್ಲಿ ಬಿಸಿಯಾಗಿ ಕೂಗುವ ಒಂದು ಕಂಪ್ಯೂಟರ್. ಕಥೆ ಮಂಡ್ಯ ಸೀಮೆಯದು. ಬೆಲ್ಲದ ಮಂಡಿ ಸಾಹುಕಾರರೊಬ್ಬರ ಮಗಳನ್ನು ಟ್ಯೂಷನ್ ಮುಗಿಸಿ ಬರುವಾಗ ಎತ್ತಿಕೊಂಡು ಹೋಗಿ ಕಬ್ಬಿನ ಗದ್ದೆಗಳ ನಡುವಿನ ಆಲೆಮನೆಯಲ್ಲಿ ಕೂಡಿಹಾಕುತ್ತಾರೆ. ಒಂದು ರಾತ್ರಿ, ಒಂದು ಬೆಳಗಿನ ಕಥೆ. ಸ್ಟಾರ್ ಇಲ್ಲ, ಹಾಡೂ ಇಲ್ಲ. ಮಂಡ್ಯ, ಮೈಸೂರು ಬಿಟ್ಟರೆ ಬೇರೆ ಕಡೆ ಥಿಯೇಟರಿನಲ್ಲಿ ಹೆಚ್ಚು ದಿನ ನಿಲ್ಲಲಿಲ್ಲ. ವಿಡಿಯೋ ಹಕ್ಕಿಗೆ ಬಂದ ಮೊತ್ತ ಕೇಳಿ ನಿರ್ಮಾಪಕರು ನಕ್ಕುಬಿಟ್ಟರು. “ಅವ್ರಿಗೆ ಕೊಡೋ ಬದ್ಲು ನೀನೇ ಡಿಸ್ಕ್ ಮಾಡ್ಬಿಡಪ್ಪ, ನಾವೇ ಮಾರಣ” ಅಂದರು. ಥಿಯೇಟರಿಗೆ ಕೊಟ್ಟ ಫೈಲನ್ನೇ ಚಿಕ್ಕದು ಮಾಡಿ ಡಿಸ್ಕಿಗೆ ಹಾಕಿದರೆ ಮುಗಿಯಿತು ಅಂತ ಅವರ ಎಣಿಕೆ. ಹಾಗೆ ಮಾಡಿದ ಡಿಸ್ಕುಗಳು ಆಗ ಅಂಗಡಿಯಲ್ಲಿ ಬೇಕಾದಷ್ಟಿದ್ದವು, ನೋಡಿದರೆ ಗೊತ್ತಾಗುತ್ತಿತ್ತು.

ಮೊದಲು ಜಾಗದ ಲೆಕ್ಕ. 2007ರಲ್ಲಿ ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಮಾರಲು ಶುರುಮಾಡಿದ ಮೇಲೆ ಜನ ಡಿಸ್ಕಿಗೆ ಹೆಚ್ಚು ದುಡ್ಡು ಬಿಚ್ಚುವುದನ್ನೇ ಮರೆತಿದ್ದರು. ಹಾಗಾಗಿ 8.5 ಜಿಬಿಯ ಎರಡು ಪದರದ ಡಿಸ್ಕಿನ ಮಾತೇ ಇಲ್ಲ, 4.7 ಜಿಬಿಯದ್ದರಲ್ಲೇ ಎಲ್ಲ ಹಿಡಿಸಬೇಕು. ಥಿಯೇಟರಿನಲ್ಲಿ ಸಿನಿಮಾ 128 ನಿಮಿಷ, ಸೆಕೆಂಡಿಗೆ 24 ಫ್ರೇಮು. ಆಗ ನಮ್ಮಲ್ಲಿ ಟೀವಿಯ ಪದ್ಧತಿ ಪಾಲ್, ಸೆಕೆಂಡಿಗೆ 25 ಫ್ರೇಮು. ನಮ್ಮ ಸಿನಿಮಾಗಳ ಎಷ್ಟೋ ಡಿವಿಡಿ ಅಮೆರಿಕದ ಟೀವಿ ಪದ್ಧತಿಯಾದ ಎನ್‌ಟಿಎಸ್‌ಸಿಯಲ್ಲೇ ಬಂದಿವೆ, ಹೊರದೇಶದಲ್ಲೂ ಮಾರಬೇಕಲ್ಲ. ನಮಗೆ ಮದ್ದೂರು ದಾಟಿದರೆ ಸಾಕಿತ್ತು. ಪಾಲ್‌ನಲ್ಲಿ ಚಿತ್ರಕ್ಕೆ ಎನ್‌ಟಿಎಸ್‌ಸಿಯ 480ರ ಬದಲು 576 ಗೆರೆ ಸಿಗುತ್ತದೆ, ಕತ್ತಲ ಸಿನಿಮಾಗೆ ಅಷ್ಟೂ ಲಾಭ. 24ನ್ನು 25ರ ವೇಗದಲ್ಲಿ ಓಡಿಸಿದಾಗ ಸಿನಿಮಾ 123 ನಿಮಿಷಕ್ಕೆ ಇಳಿಯಿತು.

ವೇಗ ಏರಿದರೆ ದನಿಯೂ ಏರುತ್ತದೆ, ಅರ್ಧ ಸ್ವರಕ್ಕೆ ತುಸು ಕಡಿಮೆ. ಕೌಟುಂಬಿಕ ಸಿನಿಮಾದಲ್ಲಿ ಯಾರಿಗೂ ತಿಳಿಯುವುದಿಲ್ಲ. ನಮ್ಮ ಕಳ್ಳನ ಪಾತ್ರ ಮಾಡಿದವರು ರಂಗಭೂಮಿಯವರು, ಎದೆಯಿಂದ ಬರುವ ದಪ್ಪ ಕಂಠ. ಆ ದನಿ ತೆಳುವಾದರೆ ಹೆದರಿಕೆಯೇ ಹೋಯಿತು. ಹಾಗಾಗಿ ಇಡೀ ಧ್ವನಿಯನ್ನು ಮತ್ತೆ ಮೂಲ ಶ್ರುತಿಗೆ ಇಳಿಸಿದೆ. ರಾತ್ರಿ ಹಾಕಿ ಮಲಗಿದರೆ ಬೆಳಿಗ್ಗೆ ಆಗಿರುವಂಥ ಕೆಲಸ, ಆದರೆ ಮಾಡದೆ ಬಿಡುವವರೇ ಹೆಚ್ಚು.

123 ನಿಮಿಷವನ್ನು 4.7 ಜಿಬಿಗೆ ಹಂಚಿದರೆ ಸೆಕೆಂಡಿಗೆ ಸುಮಾರು 5.1 ಮೆಗಾಬಿಟ್ ಸಿಗುತ್ತದೆ. ಅದರಲ್ಲಿ ‘5.1’ ಅನ್ನುವ ಆರು ಚಾನೆಲ್ಲಿನ ಥಿಯೇಟರ್ ಧ್ವನಿಗೆ 448 ಕಿಲೋಬಿಟ್, ಸ್ಟೀರಿಯೋಗೆ 192 ಕಳೆಯಿರಿ. ಮೆನು, ಸಬ್‌ಟೈಟಲ್ ಅಂತ ಒಂದಿಷ್ಟು, ಹೆಚ್ಚುಕಡಿಮೆಗೆಂದು ಒಂದಿಷ್ಟು ಜಾಗ ಬಿಡಿ. ಚಿತ್ರಕ್ಕೆ ಉಳಿಯುವುದು ಸರಾಸರಿ 4.2 ಮೆಗಾಬಿಟ್. ಮಂಡಿಯಲ್ಲಿ ಕೂತು ಮಾತಾಡುವ ದೃಶ್ಯಕ್ಕೆ ಇದು ಧಾರಾಳ. ಕಬ್ಬಿನ ಗದ್ದೆಗೆ ಏನೇನೂ ಸಾಲದು.

ಯಾಕೆ ಅಂದರೆ, ಡಿವಿಡಿಯಲ್ಲಿ ಚಿತ್ರವನ್ನು ಕುಗ್ಗಿಸುವ ಎಂಪೆಗ್-2 ವಿಧಾನ ಪ್ರತಿ ಫ್ರೇಮನ್ನೂ ಪೂರ್ತಿ ಬರೆಯುವುದಿಲ್ಲ. ಹಿಂದಿನ ಫ್ರೇಮಿಗೂ ಇದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಬರೆದುಕೊಳ್ಳುತ್ತದೆ. ಗೋಡೆ ಅಲ್ಲಾಡುವುದಿಲ್ಲ, ಹಾಗಾಗಿ ಗೋಡೆಗೆ ಖರ್ಚಿಲ್ಲ. ಆಳೆತ್ತರ ಬೆಳೆದ ಕಬ್ಬು, ಗಾಳಿ, ಸಾವಿರಾರು ಗರಿ, ಒಂದೊಂದೂ ಒಂದೊಂದು ದಿಕ್ಕಿಗೆ. ನಡುವೆ ಟಾರ್ಚ್ ಹಿಡಿದು ಓಡುವ ಹುಡುಗಿ, ಅವಳ ಹಿಂದೆ ಓಡುವ ಕ್ಯಾಮೆರಾ. ಅಲ್ಲಿ ಹಿಂದಿನ ಫ್ರೇಮಿನಂತೆ ಇರುವುದು ಯಾವುದೂ ಇಲ್ಲ. ಸಾಲದ್ದಕ್ಕೆ ನಾವು ಶೂಟ್ ಮಾಡಿದ್ದು ಕ್ಯಾನನ್ 5ಡಿ ಮಾರ್ಕ್ 2 ಅನ್ನುವ ಸ್ಟಿಲ್ ಕ್ಯಾಮೆರಾದಲ್ಲಿ. ಕಡಿಮೆ ಬೆಳಕಿನಲ್ಲಿ ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕು ಹಿಡಿಯುವ ಸೂಕ್ಷ್ಮತೆ, ಏರಿಸಿದ್ದರಿಂದ ಕಪ್ಪಿನಲ್ಲೆಲ್ಲ ಬಣ್ಣಬಣ್ಣದ ಚುಕ್ಕೆಗಳ ನುಸಿ. ಚಿತ್ರ ಕುಗ್ಗಿಸುವ ತಂತ್ರಾಂಶವಾದ ಎನ್‌ಕೋಡರಿಗೆ ಆ ನುಸಿಯೂ ಚಲನೆಯೇ, ಅದಕ್ಕೂ ಮೆಗಾಬಿಟ್ ಸುರಿಯುತ್ತದೆ. ಮೊದಲ ಪರೀಕ್ಷೆಯ ಡಿಸ್ಕಿನಲ್ಲಿ ಹುಡುಗಿಯ ಮುಖ ಚೌಕಚೌಕವಾಗಿ ಒಡೆದು, ಕಬ್ಬಿನ ಗದ್ದೆ ಹಸಿರು ಮೊಸಾಯಿಕ್ ನೆಲದಂತೆ ಕಂಡಿತು.

ದಾರಿ ಎರಡಿದ್ದವು, ಎರಡನ್ನೂ ಹಿಡಿದೆ. ಆವಿಸಿಂತ್ ಅನ್ನುವ ತಂತ್ರಾಂಶದಲ್ಲಿ ನುಸಿ ತೆಗೆಯುವ ಫಿಲ್ಟರನ್ನು ಆ ಓಟದ ದೃಶ್ಯಕ್ಕೆ ಮಾತ್ರ ಗಟ್ಟಿಯಾಗಿ ಹಾಕಿದೆ. ಇಡೀ ಸಿನಿಮಾಗೆ ಹಾಕಿದರೆ ಮುಖಗಳೆಲ್ಲ ಮೇಣ ಬಳಿದ ಹಾಗಾಗುತ್ತವೆ. ಆಮೇಲೆ ಎಚ್‌ಸಿ ಎನ್‌ಕೋಡರ್ ಅನ್ನುವ ಬಿಟ್ಟಿ ತಂತ್ರಾಂಶದಲ್ಲಿ ಮೊದಲ ಸುತ್ತಿನಲ್ಲಿ ಅಳೆದು ಎರಡನೆಯದರಲ್ಲಿ ಹಂಚುವ ಎರಡು ಸುತ್ತಿನ ಎನ್‌ಕೋಡಿಂಗ್ ಮಾಡಿ ಓಟದ ದೃಶ್ಯಕ್ಕೆ 8 ಮೆಗಾಬಿಟ್ ತನಕ ಏರಲು ಬಿಟ್ಟೆ, ಮಂಡಿ ಮತ್ತು ಪೊಲೀಸ್ ಠಾಣೆಯ ದೃಶ್ಯಗಳಿಂದ ಕಿತ್ತು ಕೊಟ್ಟೆ. ನಿಯಮದ ಪ್ರಕಾರ ಡಿವಿಡಿಯಲ್ಲಿ ಚಿತ್ರಕ್ಕೆ 9.8 ತನಕ ಹೋಗಬಹುದು. ಆದರೆ ಹಳೇ ಪ್ಲೇಯರುಗಳು 8 ದಾಟಿದರೆ ತೊದಲುತ್ತವೆ, ಅದರಲ್ಲೂ ಮನೆಯಲ್ಲಿ ಬರೆದ ಡಿಸ್ಕಾದರೆ ಇನ್ನೂ ಜಾಸ್ತಿ.

ಪರೀಕ್ಷೆಗೆ ನಾನು ಹೋಗುತ್ತಿದ್ದದ್ದು ಮಂಡ್ಯದ ಸುಭಾಷ್‌ನಗರದ ಚಿಕ್ಕಮ್ಮನ ಮನೆಗೆ. ಹೆಸರೇ ಕೇಳಿರದ ಕಂಪನಿಯ ಪ್ಲೇಯರು, ಹಿಂದೆ ಡುಬ್ಬವಿರುವ ಟೀವಿ, ತಲೆಯ ಮೇಲೆ ಟ್ಯೂಬ್‌ಲೈಟು, ಗಿರಗಿರ ಫ್ಯಾನು, ಅಡುಗೆಮನೆಯಲ್ಲಿ ಮಿಕ್ಸಿ. ಇದಕ್ಕಿಂತ ಒಳ್ಳೆಯ ಲ್ಯಾಬು ಸಿಗುವುದಿಲ್ಲ. ಹುಡುಗಿ ಆಲೆಮನೆಯಿಂದ ತಪ್ಪಿಸಿಕೊಂಡು ಗದ್ದೆಗೆ ನುಗ್ಗುವ ಜಾಗ ಬಂತು. ಚಿಕ್ಕಮ್ಮ ರಿಮೋಟ್ ಎತ್ತಿಕೊಂಡು, “ಇದೇನ್ಮಗ, ಟೀವಿ ಆಫಾಗೋಯ್ತಾ?” ಅಂದರು.

ಥಿಯೇಟರಿನಲ್ಲಿ ಕತ್ತಲಕೋಣೆ, ಚಿತ್ರದ ಬೆಳಕು ಬಣ್ಣವನ್ನು ಹದಮಾಡುವ ಗ್ರೇಡಿಂಗ್ ಕೂಡ ಅದಕ್ಕೆಂದೇ ಮಾಡಿದ್ದು. ಟ್ಯೂಬ್‌ಲೈಟ್ ಉರಿಯುವ ಮನೆಯ ಟೀವಿಗೆ ಅದೇ ಚಿತ್ರ ಕೊಟ್ಟರೆ ಕೆಳಗಿನ ಬೂದು ಛಾಯೆಗಳೆಲ್ಲ ಕಪ್ಪಿನಲ್ಲಿ ಮುಳುಗುತ್ತವೆ. 0ಯಿಂದ 255ರ ಅಳತೆಯಲ್ಲಿ ಡಿವಿಡಿಯ ಕಪ್ಪು ಅಂದರೆ 16, ಬಿಳಿ ಅಂದರೆ 235. 16ಕ್ಕಿಂತ ಕೆಳಗೆ ಬಿದ್ದದ್ದು ಟೀವಿಯಲ್ಲಿ ಇಲ್ಲವೇ ಇಲ್ಲ. ರಾತ್ರಿಯ ದೃಶ್ಯಗಳನ್ನು ಒಂದೊಂದಾಗಿ ತೆಗೆದು ಹುಡುಗಿಯ ಹಣೆ, ಕೆನ್ನೆ, ಕಬ್ಬಿನ ಅಂಚು ಇಷ್ಟನ್ನು ಮೇಲೆತ್ತಿದೆ. ಹಿನ್ನೆಲೆಯನ್ನು ಎತ್ತಲಿಲ್ಲ. ಛಾಯಾಗ್ರಾಹಕರು ಫೋನಿನಲ್ಲೇ ಜಗಳ ತೆಗೆದರು, “ನನ್ನ ರಾತ್ರೀನ ಸಂಜೆ ಮಾಡ್ತಿದ್ದೀಯಲ್ಲೋ” ಅಂತ. ಅವರನ್ನು ಮೈಸೂರಿಗೆ ಕರೆಸಿ, ಟ್ಯೂಬ್‌ಲೈಟ್ ಹಾಕಿದ ಕೋಣೆಯಲ್ಲಿ ಎರಡೂ ತೋರಿಸಿದ ಮೇಲೆ ಗೊಣಗುತ್ತ ಒಪ್ಪಿದರು.

ಇನ್ನು ಫೋನು. ನಮ್ಮ ಕಥೆಯ ಗಂಟು ಇರುವುದೇ ಅಲ್ಲಿ. ಕಳ್ಳ ಹಣ ಕೇಳಲು ಮಾಡುವ ಕರೆಯ ಹಿಂದೆ ಆಲೆಮನೆಯ ಗಾಣದ ಡೀಸೆಲ್ ಎಂಜಿನ್ ಸದ್ದು ಕೇಳುತ್ತಿರುತ್ತದೆ, ನಡುನಡುವೆ ಒಂದು ಬಡಿತ ತಪ್ಪುವ ಎಂಜಿನ್ನು. ರೆಕಾರ್ಡಿಂಗ್ ಕೇಳಿದ ಮೆಕ್ಯಾನಿಕ್ ಒಬ್ಬ ಅದು ಯಾರ ಆಲೆಮನೆಯದು ಅಂತ ಹೇಳಿಬಿಡುತ್ತಾನೆ. ಈ ಉಪಾಯ ಎಲ್ಲಿಂದ ಬಂತು ಅನ್ನುವುದನ್ನು ನಮ್ಮ ನಿರ್ದೇಶಕರು ಮುಚ್ಚಿಡುವುದಿಲ್ಲ. ಜಪಾನಿನ ನಿರ್ದೇಶಕ ಅಕಿರ ಕುರೊಸಾವಾ 1963ರಲ್ಲಿ ಮಾಡಿದ ‘ಹೈ ಅಂಡ್ ಲೋ’ದಲ್ಲಿ ಅಪಹರಣಕಾರನ ಕರೆಯ ಹಿಂದೆ ಟ್ರಾಮ್ ಹಾದುಹೋಗುವ ಸದ್ದು ಸಿಕ್ಕಿಬೀಳುತ್ತದೆ, ಪೊಲೀಸರು ಅದನ್ನು ರೈಲ್ವೆಯವನಿಗೆ ಕೇಳಿಸಿ ಅದು ಎನೊಡೆನ್ ಮಾರ್ಗದ ಗಾಡಿ ಅಂತ ಪತ್ತೆಮಾಡುತ್ತಾರೆ. ಆ ಸಿನಿಮಾದ ಡಿಸ್ಕನ್ನು ನಾವಿಬ್ಬರೂ ನನ್ನ ಕೋಣೆಯಲ್ಲಿ ಕೂತು ಹಿಂದೆ ಮುಂದೆ ಓಡಿಸಿ ನೋಡಿದ್ದೆವು. ಸಾಹುಕಾರನ ಮಗನೆಂದು ಡ್ರೈವರನ ಮಗನನ್ನು ಎತ್ತಿಕೊಂಡು ಹೋಗುವ ಕಥೆ ಅದು. ಕಪ್ಪು ಬಿಳುಪು ಸಿನಿಮಾ, ಆದರೆ ಹಣದ ಬ್ಯಾಗನ್ನು ಸುಟ್ಟಾಗ ಚಿಮಣಿಯಿಂದ ಏಳುವ ಹೊಗೆ ಮಾತ್ರ ಗುಲಾಬಿ. ಟೀವಿಯ ಕಲರ್ ಗುಂಡಿಯನ್ನು ಪೂರ್ತಿ ಇಳಿಸಿ ಕೂತವನಿಗೆ ಆ ಸುಳಿವು ಕಾಣುವುದೇ ಇಲ್ಲ. ನಮ್ಮ ಎಂಜಿನ್ನಿಗೂ ಅದೇ ಗತಿ ಬಂತು.

ಥಿಯೇಟರಿನಲ್ಲಿ ಆ ಸದ್ದು ಹಿಂದಿನ ಸ್ಪೀಕರಿನಿಂದ ಬಂದು ಬೆನ್ನಿಗೆ ತಾಗುತ್ತಿತ್ತು. ಎಂಜಿನ್ನಿನ ದುಡುದುಡು ಬಹುಪಾಲು 100 ಹರ್ಟ್ಜ್‌ಗಿಂತ ಕೆಳಗೆ, ಅಂದರೆ ತೀರ ದಪ್ಪ ಸದ್ದು. (ಆಗಿನ ನಿಜವಾದ ಫೋನಿನಲ್ಲಿ 300ರಿಂದ 3400 ಹರ್ಟ್ಜ್ ಮಾತ್ರ ಹಾಯುತ್ತಿತ್ತು, ಈ ದಪ್ಪ ಸದ್ದು ಅದರಲ್ಲಿ ಬರುವುದೇ ಸುಳ್ಳು. ಸೌಂಡ್ ಮಾಡಿದವರು ಮಾಡಿಕೊಂಡ ಸ್ವಾತಂತ್ರ್ಯ.) ಟೀವಿಯ ಅಂಗೈಯಗಲದ ಸ್ಪೀಕರಿಗೆ ಅಷ್ಟು ಕೆಳಗಿನ ಸದ್ದು ಹೊರಡಿಸುವ ತಾಕತ್ತಿಲ್ಲ. ಚಿಕ್ಕಮ್ಮನ ಮನೆಯಲ್ಲಿ ಎಂಜಿನ್ನೂ ಇಲ್ಲ, ಕಳ್ಳನ ಮಾತೂ ಇಲ್ಲ. “ಅವ್ನು ಏನಂದ್ನೋ ಕಾಣೆ ಕಣ್ಮಗ, ಬರೀ ಗುಸುಗುಸು” ಅಂದರು. ಸುಳಿವೇ ಕೇಳಿಸದ ಮೇಲೆ ಮೆಕ್ಯಾನಿಕ್ ಬಂದು ಊರು ಹೇಳುವುದು ಅವರಿಗೆ ಪವಾಡದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

5.1 ಮಿಕ್ಸನ್ನು ಪ್ಲೇಯರು ತಾನೇ ಎರಡು ಸ್ಪೀಕರಿಗೆ ಮಡಚಿಕೊಳ್ಳುತ್ತದೆ, ಅದನ್ನು ನಂಬಿ ಕೂರಬಾರದು. ಸೌಂಡ್ ಇಂಜಿನಿಯರಿಂದ ಮಾತು, ಸಂಗೀತ, ಸದ್ದು ಮೂರನ್ನೂ ಬೇರೆಬೇರೆಯಾಗಿ ತರಿಸಿಕೊಂಡು ಮನೆಗೆಂದೇ ಒಂದು ಸ್ಟೀರಿಯೋ ಮಿಕ್ಸ್ ಮಾಡಿದೆವು. ಸಂಗೀತವನ್ನು ಇಳಿಸಿದೆವು. ಪಿಸುಮಾತಿಗೂ ಕಿರುಚಾಟಕ್ಕೂ ಇರುವ ಅಂತರ ತಗ್ಗಿಸಿದೆವು, ಇಲ್ಲದಿದ್ದರೆ ಜನ ಪಿಸುಮಾತಿಗೆ ವಾಲ್ಯೂಮ್ ಏರಿಸಿ ಕಿರುಚಾಟಕ್ಕೆ ಪಕ್ಕದ ಮನೆಯವರನ್ನು ಎಬ್ಬಿಸುತ್ತಾರೆ. ಎಂಜಿನ್ನಿನ ಕೆಳಸದ್ದಿಗೆ ಅದರದೇ ಮೇಲಿನ ಸ್ವರಗಳಾದ ಹಾರ್ಮೋನಿಕ್ ಸೇರಿಸಿ, ಹೊಗೆ ಕೊಳವೆಯ ‘ಟಕ್ ಟಕ್’ ಅನ್ನು 1000 ಹರ್ಟ್ಜ್ ಸುತ್ತಮುತ್ತ ಎದ್ದು ಕಾಣುವಂತೆ ಕೂರಿಸಿದೆವು. ಬಡಿತ ತಪ್ಪುವ ಜಾಗದಲ್ಲಿ ಕಳ್ಳ ಮಾತು ನಿಲ್ಲಿಸುವಂತೆ ಅವನ ಸಾಲನ್ನು ಅರ್ಧ ಸೆಕೆಂಡು ಹಿಂದೆ ಸರಿಸಿದೆ. ಮೂಲದ ಎಡಿಟಿಂಗನ್ನು ಮುಟ್ಟಿದ್ದು ಅದೊಂದೇ ಕಡೆ. ಪ್ಲೇಯರಿಗೆ ಹಾಕಿದೊಡನೆ ಕೇಳುವುದು ಈ ಸ್ಟೀರಿಯೋವೇ. 5.1 ಬೇಕಾದವರು ಮೆನುವಿಗೆ ಹೋಗಿ ಆರಿಸಿಕೊಳ್ಳಲಿ.

ಮೆನು ವಿಷಯಕ್ಕೆ ಬಂದರೆ ನನಗೆ ಸಿಟ್ಟೇ ಬರುತ್ತದೆ. ಅಪರಾಧಿ ಯಾರೆಂದು ಮೆನುವಿನಲ್ಲೇ ತೋರಿಸುವ ಡಿಸ್ಕುಗಳನ್ನು ನೋಡಿದ್ದೇನೆ. ಚಂದ ಕಾಣುತ್ತದೆಂದು ಕ್ಲೈಮ್ಯಾಕ್ಸಿನ ಹೊಡೆದಾಟವನ್ನೇ ಹಿಂದೆ ಓಡಿಸಿರುತ್ತಾರೆ, ದೃಶ್ಯಗಳ ಪಟ್ಟಿಯಲ್ಲಿ ಕೊನೆಯ ಪುಟ್ಟ ಚಿತ್ರದಲ್ಲಿ ಕಳ್ಳನ ಕೈಗೆ ಬೇಡಿ. ನಮ್ಮದರಲ್ಲಿ ವಿಶ್ವೇಶ್ವರಯ್ಯ ನಾಲೆಯ ಏರಿಯ ಒಂದು ಸ್ಥಿರಚಿತ್ರ, ಸಂಗೀತವಿಲ್ಲ. ಅಧ್ಯಾಯಗಳಿಗೆ ಹೆಸರಿನ ಬದಲು ಗಂಟೆ: ಸಂಜೆ 6:10, ರಾತ್ರಿ 9:45, ಹೀಗೆ. ಅಧ್ಯಾಯಗಳನ್ನು ಹತ್ತಿರಹತ್ತಿರ ಇಟ್ಟೆ, ಯಾಕೆಂದರೆ ಆಗ ಕರೆಂಟು ಹೇಳದೆ ಕೇಳದೆ ಹೋಗುತ್ತಿತ್ತು. ಹೋಗಿ ಬಂದರೆ ಅಗ್ಗದ ಪ್ಲೇಯರುಗಳು ಮೊದಲಿನಿಂದ ಶುರುಮಾಡುತ್ತವೆ. ಅದೇ ಕಾರಣಕ್ಕೆ ಆರಂಭದ ಲೋಗೊ, ಎಚ್ಚರಿಕೆ ಫಲಕಗಳ ಮೇಲೆ ರಿಮೋಟನ್ನು ಕಟ್ಟಿಹಾಕಲಿಲ್ಲ. ದುಡ್ಡು ಕೊಟ್ಟು ತಂದವನಿಗೆ ಕಳ್ಳಪ್ರತಿಯ ಪಾಠವನ್ನು ಮತ್ತೆ ಮತ್ತೆ ಬಲವಂತವಾಗಿ ಓದಿಸುವುದು ಯಾವ ನ್ಯಾಯ?

ಹಳೇ ಟೀವಿಗಳು ಚಿತ್ರದ ಅಂಚನ್ನು ನುಂಗುತ್ತಿದ್ದವು, ಹಾಗಾಗಿ ಸಬ್‌ಟೈಟಲನ್ನೂ ಪರದೆಯ ಮೇಲೆ ಬರುವ ಫೋನ್ ನಂಬರನ್ನೂ ಒಳಕ್ಕೆ ಎಳೆದೆ. ಡಿವಿಡಿಯಲ್ಲಿ ಸಬ್‌ಟೈಟಲ್ ಅಕ್ಷರವಾಗಿ ಇರುವುದಿಲ್ಲ, ಚಿತ್ರವಾಗಿಯೇ ಇರುತ್ತದೆ. ನಮಗೆ ಅದೇ ವರವಾಯಿತು, ಕಿವಿ ಕೇಳದವರಿಗೆಂದು ಹಾಕಿದ ಕನ್ನಡ ಸಾಲುಗಳಲ್ಲಿ ಒಂದು ಒತ್ತಕ್ಷರವೂ ಕಳಚಲಿಲ್ಲ.

ವಿಸಿಡಿಯನ್ನು ಬಿಡುವಂತಿರಲಿಲ್ಲ, ಹಳ್ಳಿ ಕಡೆ ಇನ್ನೂ ಅದೇ ನಡೆಯುತ್ತಿತ್ತು. 352ಕ್ಕೆ 288 ಚುಕ್ಕೆಗಳ ಚಿತ್ರ, ಸೆಕೆಂಡಿಗೆ 1150 ಕಿಲೋಬಿಟ್. ಅಷ್ಟರಲ್ಲಿ ಕಬ್ಬಿನ ಗದ್ದೆ ಅಸಾಧ್ಯ. ಹಿನ್ನೆಲೆಯನ್ನು ಮಸುಕು ಮಾಡಿ, ಹುಡುಗಿಯ ಮುಖವನ್ನಷ್ಟೇ ಉಳಿಸಿಕೊಂಡೆ. ಒಂದು ಡಿಸ್ಕಿನಲ್ಲಿ ಹಿಡಿಸದ್ದರಿಂದ ಇಂಟರ್‌ವಲ್ಲಿಗೆ ಸರಿಯಾಗಿ ಎರಡಾಗಿ ಕತ್ತರಿಸಿದೆ. ಸೆನ್ಸಾರ್ ಸರ್ಟಿಫಿಕೇಟು, ಕವರ್ ಪ್ರಿಂಟು ನಿರ್ಮಾಪಕರ ಪಾಲಿನ ಓಡಾಟ. ಪ್ರೆಸ್ ಮಾಡಿಸುವುದಾದರೆ, ಅಂದರೆ ಕಾರ್ಖಾನೆಯಲ್ಲಿ ಅಚ್ಚೊತ್ತಿಸುವುದಾದರೆ, ಸಾವಿರ ಡಿಸ್ಕಿನ ಕೆಳಗೆ ಗಿಟ್ಟುವುದಿಲ್ಲ ಅನ್ನುವುದು ಗೊತ್ತಿತ್ತು. ಕಂಪ್ಯೂಟರಿನಲ್ಲಿ ಬರೆದ ಡಿಸ್ಕನ್ನು ಮಾರುವ ಯೋಚನೆಗೆ ನಾನು ಒಪ್ಪಲಿಲ್ಲ, ಅರ್ಧ ಪ್ಲೇಯರುಗಳು ಅದನ್ನು ಓದಲು ತಕರಾರು ಮಾಡುತ್ತವೆ.

ಮಾರಾಟದಲ್ಲಿ ನಮ್ಮ ಎದುರಾಳಿ ಬೇರೆ ಸಿನಿಮಾ ಅಲ್ಲ, ಮೆಮೊರಿ ಕಾರ್ಡು. ಮಂಡ್ಯ ಬಸ್ ಸ್ಟ್ಯಾಂಡ್ ಸುತ್ತಲಿನ ಮೊಬೈಲ್ ಅಂಗಡಿಗಳಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಕಾರ್ಡು ತುಂಬ ಸಿನಿಮಾ ಹಾಕಿಕೊಡುತ್ತಿದ್ದರು. ಅವರೊಂದಿಗೆ ಗುದ್ದಾಡಿ ಗೆಲ್ಲುವುದಿಲ್ಲ ಅಂತ ನಾನೇ ಒಂದು ಚಿಕ್ಕ ಎಂಪಿ4 ಮಾಡಿ ಕೊಟ್ಟೆ. ಸಿನಿಮಾದ ಮೊದಲ ಭಾಗ, ವ್ಯಾನಿನ ಬಾಗಿಲು ಮುಚ್ಚಿಕೊಳ್ಳುವ ಶಾಟ್‌ವರೆಗೆ. “ಸಾರ್, ಅರ್ಧಕ್ಕೆ ಬಿಟ್ರೆ ಗಿರಾಕಿ ನನ್ನೇ ಬೈತಾನೆ” ಅಂದ ಅಂಗಡಿ ಹುಡುಗ. ಬೈದಾಗ ಕೊಡಲು ಅವನ ಕೌಂಟರಿನ ಮೇಲೆ ನಮ್ಮ ಡಿಸ್ಕಿನ ಒಂದು ಕಟ್ಟು ಇಟ್ಟು, ಮಾರಿದ್ದಕ್ಕೆ ಇಷ್ಟು ಅಂತ ಕಮಿಷನ್ ಮಾತಾಡಿದೆ. ಕ್ಯಾಸೆಟ್ ಅಂಗಡಿಗಳಿಗಿಂತ ಅಲ್ಲಿಯೇ ಹೆಚ್ಚು ಖರ್ಚಾಯಿತು. ಒಂದಿಷ್ಟು ದಿನಕ್ಕೆ ಪೂರ್ತಿ ಸಿನಿಮಾವೂ ಕಾರ್ಡುಗಳಲ್ಲಿ ಓಡಾಡತೊಡಗಿತು, ಅದೂ ನಮ್ಮ ಡಿಸ್ಕಿನಿಂದಲೇ ತೆಗೆದದ್ದು.

ಈಚೆಗೆ ಸ್ಟ್ರೀಮಿಂಗಿನವರಿಗೆ ಫೈಲ್ ಕೊಡಬೇಕಾದಾಗ 24 ಫ್ರೇಮಿನ ಮೂಲವನ್ನೇ ತೆಗೆದೆ, ಕತ್ತಲನ್ನು ಅರ್ಧದಷ್ಟು ವಾಪಸ್ ಕೊಟ್ಟೆ. ಛಾಯಾಗ್ರಾಹಕರು ಸಮಾಧಾನವಾದರು. ಸ್ಟೀರಿಯೋ ಮಾತ್ರ ಚಿಕ್ಕಮ್ಮನ ಮನೆಗೆಂದು ಮಾಡಿದ್ದನ್ನೇ, ಬರಿ ವೇಗ ಸರಿಪಡಿಸಿ, ಕಳಿಸಿದ್ದೇನೆ. ಈಗ ಹೆಚ್ಚು ಜನ ಫೋನಿನಲ್ಲಿ ನೋಡುತ್ತಾರೆ, ಅದರ ಸ್ಪೀಕರು ಆ ಟೀವಿಯದ್ದಕ್ಕಿಂತಲೂ ಚಿಕ್ಕದು.