ಕಲಬುರಗಿಯಲ್ಲಿದ್ದು ದೊಡ್ಡವರ ಕಾಮಿಕ್ಸ್ ಓದುವುದು: ಹೊಸದು ಬಂದಿದ್ದು ನನಗೆ ಹೇಗೆ ಗೊತ್ತಾಗುತ್ತೆ

ದೊಡ್ಡವರಿಗಂತಲೇ ಬರೆದ ಕಾಮಿಕ್ಸ್ ಓದುವವರು ನಮ್ಮ ಕಡೆ ಕಡಿಮೆ. ಇರುವವರು ಸಿಕ್ಕಾಗಲೆಲ್ಲ ಕೇಳುವುದು ಒಂದೇ ಮಾತು. ಹೊಸ ಪುಸ್ತಕ ಬರೋದು ನಿಂಗೆ ಅಷ್ಟು ಮೊದಲೇ ಹೇಗೆ ತಿಳಿಯುತ್ತೆ, ಊರಲ್ಲಿ ಒಂದು ಕಾಮಿಕ್ಸ್ ಅಂಗಡಿನೂ ಇಲ್ವಲ್ಲ? ಎಲ್ಲರಿಗೂ ಬೇರೆ ಬೇರೆ ಹೇಳುವುದಕ್ಕಿಂತ ಒಂದೇ ಕಡೆ ಬರೆದಿಡೋಣ ಅನಿಸಿತು.

ಮೊದಲ ಮಾತು, ನಾನು ಪಾತ್ರಗಳ ಹಿಂದೆ ಹೋಗುವುದಿಲ್ಲ. ಕಂಪನಿಯ ಹಿಂದೆಯೂ ಹೋಗುವುದಿಲ್ಲ. ಬರೆಯುವವರು, ಚಿತ್ರ ಬಿಡಿಸುವವರು, ಸಂಪಾದಕರು, ಈ ಮೂವರ ಹೆಸರು ಹಿಡಿದು ಹೋಗುತ್ತೇನೆ. ಯಾಕಂದ್ರೆ ಈ ವ್ಯಾಪಾರದಲ್ಲಿ ಬೋರ್ಡು ಬದಲಾಗುತ್ತಲೇ ಇರುತ್ತದೆ. ವರ್ಟಿಗೋ ನೋಡಿ. ಅಮೆರಿಕದ ಡಿಸಿ ಅನ್ನುವ ಕಾಮಿಕ್ಸ್ ಕಂಪನಿ 1993ರಲ್ಲಿ ಕ್ಯಾರೆನ್ ಬರ್ಗರ್ ಅನ್ನುವ ಸಂಪಾದಕಿಯ ಮುಂದಾಳತ್ವದಲ್ಲಿ ಶುರು ಮಾಡಿದ ವಿಭಾಗ ಅದು. ದೊಡ್ಡವರ ಕಾಮಿಕ್ಸ್ ಅಂದ್ರೆ ವರ್ಟಿಗೋ ಅನ್ನುವ ಕಾಲವೊಂದಿತ್ತು. 2013ರಲ್ಲಿ ಬರ್ಗರ್ ಹೊರಬಂದರು. 2018ರಲ್ಲಿ ಡಿಸಿ ಬ್ಲ್ಯಾಕ್ ಲೇಬಲ್ ಅಂತ ಇನ್ನೊಂದು ಹೆಸರು ತಂದಿತು, 2019ರಲ್ಲಿ ವರ್ಟಿಗೋ ಮುಚ್ಚುವುದಾಗಿ ಹೇಳಿತು, 2024ರ ಅಕ್ಟೋಬರ್‌ನಲ್ಲಿ ಅದೇ ವರ್ಟಿಗೋ ಮತ್ತೆ ಬರುತ್ತದೆ ಅಂತ ಘೋಷಿಸಿತು. ಬರೀ ವರ್ಟಿಗೋ ಹೆಸರನ್ನೇ ನಂಬಿ ಕೂತವರಿಗೆ ಮಧ್ಯದ ವರ್ಷಗಳು ಖಾಲಿ. ಬರ್ಗರ್ ಹೆಸರು ಹಿಡಿದವರು ಮಾತ್ರ ಡಾರ್ಕ್ ಹಾರ್ಸ್ ಅನ್ನುವ ಇನ್ನೊಂದು ಕಂಪನಿಯಲ್ಲಿ ಅವರು ಶುರು ಮಾಡಿದ ಬರ್ಗರ್ ಬುಕ್ಸ್‌ಗೆ ಸೀದಾ ಹೋಗಿ ಮುಟ್ಟಿದರು. ಇಮೇಜ್ ಅನ್ನುವ ಪ್ರಕಾಶಕರಂಥ ಕಡೆ ಪುಸ್ತಕದ ಹಕ್ಕು ಬರೆದವರ ಹತ್ತಿರವೇ ಉಳಿಯುತ್ತದೆ, ಹಾಗಾಗಿ ಒಳ್ಳೆಯ ಬರಹಗಾರರು ತಮಗೆ ನಿಜವಾಗಿ ಬೇಕಾದ ಕಥೆಯನ್ನು ಅಂಥ ಕಡೆಗೇ ಒಯ್ಯುತ್ತಾರೆ. ಹೆಸರು ಗೊತ್ತಿದ್ದರೆ ಯಾವ ಬೋರ್ಡಿನ ಕೆಳಗೆ ಬಂದರೂ ಸಿಕ್ಕೇ ಸಿಗುತ್ತದೆ.

ಇದಕ್ಕೆ ನನ್ನ ಹತ್ತಿರ ಇರುವುದು ಒಂದು ಉದ್ದನೆಯ ಲೆಕ್ಕದ ಪುಸ್ತಕ, ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ವ್ಯಾಪಾರಸ್ಥರು ಕೊಳ್ಳುತ್ತಾರಲ್ಲ, ಕೆಂಪು ರಟ್ಟಿನದು, ಅದೇ. ಒಂದು ಪುಟಕ್ಕೆ ಒಬ್ಬರ ಹೆಸರು. ಕೆಳಗೆ ಅವರ ಈಗಿನ ಸರಣಿ, ನಾನು ಎಲ್ಲಿಯವರೆಗೆ ಓದಿದ್ದೇನೆ, ಬಿಡಿ ಸಂಚಿಕೆಗಳನ್ನು ಸೇರಿಸಿದ ಸಂಕಲನ ಯಾವ ತಿಂಗಳು ಬರುತ್ತದೆ, ಅದರ ಐಎಸ್‌ಬಿಎನ್, ಅಂದ್ರೆ ಆ ಪುಸ್ತಕದ ಗುರುತಿನ ಸಂಖ್ಯೆ. ಪಕ್ಕದ ಅಂಚಿನಲ್ಲಿ ಅವರ ಜೊತೆ ಕೆಲಸ ಮಾಡಿದ ಚಿತ್ರಗಾರರು, ಬಣ್ಣ ಹಾಕುವವರು. ಹೊಸ ಹೆಸರುಗಳು ನನಗೆ ಹೆಚ್ಚಾಗಿ ಸಿಗುವುದೇ ಆ ಅಂಚಿನಿಂದ. ಬಣ್ಣ ಹಾಕುವವರನ್ನು ಯಾರೂ ಗಮನಿಸುವುದಿಲ್ಲ, ಆದರೆ ರಾತ್ರಿಯ ಒಂದು ದೃಶ್ಯವನ್ನು ಎದೆಗೆ ನಾಟುವ ಹಾಗೆ ಮಾಡುವವರು ಎಷ್ಟೋ ಸಲ ಅವರೇ.

ಇನ್ನು ಸುದ್ದಿ ಎಲ್ಲಿಂದ ಬರುತ್ತದೆ ಅನ್ನುವುದು. ಅಮೆರಿಕದ ಪ್ರಕಾಶಕರು ಪುಸ್ತಕ ಬರುವುದಕ್ಕೆ ಸುಮಾರು ಮೂರು ತಿಂಗಳು ಮುಂಚೆ ಅದರ ವಿವರ ಬಿಡುತ್ತಾರೆ. ಏಪ್ರಿಲ್‌ನಲ್ಲಿ ಬರುವುದು ಜನವರಿಯಲ್ಲೇ ಗೊತ್ತಾಗುತ್ತದೆ: ಯಾರು ಬರೆದಿದ್ದಾರೆ, ಎಷ್ಟು ಪುಟ, ಬೆಲೆ ಏನು, ಯಾವ ವಯಸ್ಸಿನವರಿಗೆ. ಮೊದಲು ಇದೆಲ್ಲ ಹೆಚ್ಚುಕಮ್ಮಿ ಒಂದೇ ಕಡೆ ಸಿಗುತ್ತಿತ್ತು. ಡೈಮಂಡ್ ಅನ್ನುವ ಒಂದೇ ವಿತರಕ ಸಂಸ್ಥೆ ದೊಡ್ಡ ಪ್ರಕಾಶಕರನ್ನೆಲ್ಲ ಹಿಡಿದಿಟ್ಟುಕೊಂಡಿತ್ತು, ತಿಂಗಳಿಗೊಂದು ದಪ್ಪ ಪಟ್ಟಿ ತರುತ್ತಿತ್ತು. 2020ರಲ್ಲಿ ಡಿಸಿ ಅಲ್ಲಿಂದ ಹೊರಟಿತು, 2021ರಲ್ಲಿ ಮಾರ್ವೆಲ್ ಪೆಂಗ್ವಿನ್ ರ‍್ಯಾಂಡಮ್ ಹೌಸ್ ಕಡೆ ಹೋಯಿತು, ಆಮೇಲೆ ಡಾರ್ಕ್ ಹಾರ್ಸ್ ಕೂಡ ಅಲ್ಲಿಗೇ, ಇಮೇಜ್ ಲೂನಾರ್ ಅನ್ನುವ ವಿತರಕರ ಕಡೆಗೆ. 2025ರ ಜನವರಿಯಲ್ಲಿ ಡೈಮಂಡ್ ದಿವಾಳಿ ಅರ್ಜಿಯನ್ನೇ ಹಾಕಿತು. ಅಂದ್ರೆ ಈಗ ಒಂದು ಪಟ್ಟಿ ನೋಡಿ ಮುಗಿಸುತ್ತೇನೆ ಅಂದರೆ ಆಗದು. ನಾನು ತಿಂಗಳ ಮೂರನೇ ವಾರ ಒಂದು ಸಂಜೆ ಇದಕ್ಕೆಂದೇ ಬಿಡುವು ಮಾಡಿಕೊಳ್ಳುತ್ತೇನೆ. ಪ್ರಕಾಶಕರ ಪಟ್ಟಿಗಳನ್ನು ಒಂದೊಂದಾಗಿ ತೆಗೆದು, ಕೆಂಪು ಪುಸ್ತಕದ ಹೆಸರುಗಳನ್ನು ಹುಡುಕುತ್ತೇನೆ. ಜಾಹೀರಾತಿನ ಮಾತುಗಳನ್ನು ಓದುವುದೇ ಇಲ್ಲ. ಒಳಗಿನ ನಾಲ್ಕೈದು ಪುಟ ತೋರಿಸಿದ್ದರೆ ಅದನ್ನು ಮಾತ್ರ ನೋಡುತ್ತೇನೆ. ಮಾತೇ ಇಲ್ಲದ ಪುಟವೊಂದು ಅಲ್ಲಿದ್ದರೆ ಅದರ ಮೇಲೆ ಜಾಸ್ತಿ ಹೊತ್ತು ಕಣ್ಣಿಡುತ್ತೇನೆ, ಒಂದು ಚೌಕದಿಂದ ಇನ್ನೊಂದಕ್ಕೆ ಕಣ್ಣು ತಾನಾಗಿ ಜಾರಿದರೆ ಬರೆದವರು, ಬಿಡಿಸಿದವರು ಇಬ್ಬರಿಗೂ ಕೆಲಸ ಗೊತ್ತು ಅಂತ ಅರ್ಥ.

ಬಿಡಿ ಸಂಚಿಕೆಗಳು ಅಮೆರಿಕದಲ್ಲಿ ಬುಧವಾರ ಬರುತ್ತವೆ. ಡಿಸಿ ಮಾತ್ರ 2020ರಲ್ಲಿ ಮಂಗಳವಾರಕ್ಕೆ ಹೋಗಿ 2024ರಲ್ಲಿ ಬುಧವಾರಕ್ಕೇ ವಾಪಸ್ ಬಂತು. ಅಲ್ಲಿನ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ನಮ್ಮಲ್ಲಿ ಬುಧವಾರ ಸಂಜೆ ಆಗಿರುತ್ತದೆ. ಆದ್ದರಿಂದ ನನಗೆ ಗುರುವಾರವೇ ಹೊಸ ಪುಸ್ತಕದ ದಿನ. ಆದರೆ ಕಾಗದದ ಬಿಡಿ ಸಂಚಿಕೆ ಇಲ್ಲಿಗೆ ತರಿಸಬೇಡಿ ಅಂತಲೇ ನಾನು ಹೇಳುವುದು. ಒಂದಕ್ಕೆ 3.99ರಿಂದ 4.99 ಡಾಲರ್, ಅದರ ಮೇಲೆ ಸಾಗಣೆ. ಆರು ಸಂಚಿಕೆಗೆ ಕಡಿಮೆ ಅಂದ್ರೂ 24 ಡಾಲರ್ ಆಯಿತು, ಅದೇ ಕಥೆಯ ಮೊದಲ ಸಂಕಲನವನ್ನು ಇಮೇಜ್ ಎಷ್ಟೋ ಸಲ 9.99ಕ್ಕೇ ಕೊಟ್ಟಿದೆ. ಅವಸರ ತಡೆಯದಿದ್ದರೆ ಮೊದಲ ಸಂಚಿಕೆ ಒಂದನ್ನು ಕಿಂಡಲ್‌ನಲ್ಲಿ ಕೊಂಡು ಟ್ಯಾಬ್‌ನಲ್ಲಿ ಓದಿ, ಹಿಡಿಸಿದರೆ ಸಂಕಲನಕ್ಕೆ ಕಾಯಿರಿ. ಮೊದಲು ಇದಕ್ಕೆ ಕಾಮಿಕ್ಸಾಲಜಿ ಅನ್ನುವ ಒಳ್ಳೆಯ ಆ್ಯಪ್ ಇತ್ತು. ಅಮೆಜಾನ್ 2014ರಲ್ಲಿ ಅದನ್ನು ಕೊಂಡು, 2023ರ ಕೊನೆಗೆ ಪೂರ್ತಿ ಕಿಂಡಲ್‌ನೊಳಗೆ ಸೇರಿಸಿಬಿಟ್ಟಿತು. ಚೌಕದಿಂದ ಚೌಕಕ್ಕೆ ಒಯ್ಯುವ ಆ ಓದಿನ ಸುಖ ನನಗೆ ಇವತ್ತಿಗೂ ಬೇಕು ಅನಿಸುತ್ತದೆ.

ಕಾಯುವುದು ಈ ಓದಿನ ಭಾಗವೇ. ಸಾಗಾ ಅನ್ನುವ ಸರಣಿ 2018ರ ಜುಲೈನಲ್ಲಿ 54ನೇ ಸಂಚಿಕೆಗೆ ನಿಂತು, 55ನೆಯದು ಬಂದಿದ್ದು 2022ರ ಜನವರಿಯಲ್ಲಿ. ಅಂಥ ಹೊತ್ತಲ್ಲಿ ಪುಸ್ತಕದಲ್ಲಿ ಆ ಪುಟಕ್ಕೆ ಒಂದು ಚೀಟಿ ಅಂಟಿಸಿ ಮುಂದೆ ಹೋಗಬೇಕು ಅಷ್ಟೆ. ತಿಂಗಳಿಗೊಮ್ಮೆ ಪಟ್ಟಿ ನೋಡುವ ಅಭ್ಯಾಸ ಇದ್ದರೆ ಯಾವುದು ವಾಪಸ್ ಬಂದರೂ ಕಣ್ಣು ತಪ್ಪುವುದಿಲ್ಲ.

ಕೊಳ್ಳುವಾಗ ಹೆಸರು ಹೇಳಬೇಡಿ, ಐಎಸ್‌ಬಿಎನ್ ಹೇಳಿ. ಒಂದೇ ಕಥೆ ತೆಳು ಸಂಪುಟವಾಗಿ, ಗಟ್ಟಿ ರಟ್ಟಿನಲ್ಲಿ, ಮೂರು ಸಂಪುಟ ಸೇರಿಸಿದ ದಪ್ಪ ಪುಸ್ತಕವಾಗಿ ಬಂದಿರುತ್ತದೆ, ಮುಖಪುಟ ನೋಡಿದರೆ ಒಂದೇ ತರಹ. 978ರಿಂದ ಶುರುವಾಗುವ ಆ 13 ಅಂಕಿ ಕೊಟ್ಟರೆ ನಮ್ಮೂರಿನ ಸಾಮಾನ್ಯ ಪುಸ್ತಕದಂಗಡಿಯವರೂ ತರಿಸಿಕೊಡುತ್ತಾರೆ, ಅವರು ಕಾಮಿಕ್ಸ್ ತಿಳಿದವರೇ ಆಗಬೇಕಿಲ್ಲ. ಮಾಂಗಾ, ಅಂದ್ರೆ ಜಪಾನಿನ ಕಾಮಿಕ್ಸ್, ಓದುವವರಿಗೆ ಇದು ಇನ್ನೂ ಸುಲಭ, ಅವನ್ನು ಇಂಗ್ಲಿಷಿನಲ್ಲಿ ತರುವ ವಿಝ್‌ನ ಪುಸ್ತಕಗಳನ್ನು ಸೈಮನ್ ಆ್ಯಂಡ್ ಶುಸ್ಟರ್‌ನವರು ಇಲ್ಲೇ ಹಂಚುತ್ತಾರೆ. ಹಳೆಯದಕ್ಕೆ ಹೈದರಾಬಾದ್. ನಮಗೆ ಬೆಂಗಳೂರಿಗಿಂತ ಅದೇ ಹತ್ತಿರ, ಭಾನುವಾರ ಆಬಿಡ್ಸ್‌ನ ಫುಟ್‌ಪಾತ್ ಮೇಲೆ ಹರಡಿದ ಪುಸ್ತಕಗಳ ನಡುವೆ ಮುದ್ರಣ ನಿಂತುಹೋದ ಸಂಪುಟಗಳು ಸಿಕ್ಕಿವೆ. ಅಲ್ಲಿ ಪುಸ್ತಕ ಹಿಡಿದು ಮೊದಲು ನೋಡಬೇಕಾದ್ದು ಬೆನ್ನು, ಆಮೇಲೆ ಮಧ್ಯದ ಹಾಳೆಗಳು, ಯಾರೋ ಒಂದೆರಡು ಪುಟ ಕಿತ್ತುಕೊಂಡಿರುವುದು ಇಂಥ ಪುಸ್ತಕಗಳಲ್ಲಿ ಜಾಸ್ತಿ.

ನಮ್ಮ ಬಿಸಿಲಿನ ಒಂದು ಮಾತು. ಏಪ್ರಿಲ್, ಮೇನಲ್ಲಿ ಬಂದ ಪಾರ್ಸೆಲನ್ನು ಬಿಚ್ಚಿದ ತಕ್ಷಣ ಅಗಲಕ್ಕೆ ತೆರೆಯಬೇಡಿ. ದಿನವಿಡೀ ಗಾಡಿಯಲ್ಲಿ ಕಾದು ಬಂದ ಪುಸ್ತಕದ ಬೆನ್ನಿನ ಗೋಂದು ಮೆತ್ತಗಾಗಿರುತ್ತದೆ, ಎಳೆದರೆ ಹಾಳೆ ಸಡಿಲ ಆಗುತ್ತದೆ. ಒಂದು ರಾತ್ರಿ ನೆಲದ ಮೇಲೆ, ಫರ್ಸಿ ಕಲ್ಲಿನ ತಂಪಿನಲ್ಲಿ ಮಲಗಿಸಿಡಿ. ಬೆಳಗ್ಗೆ ಮುಂದಿನ ನಾಲ್ಕು ಹಾಳೆ, ಹಿಂದಿನ ನಾಲ್ಕು ಹಾಳೆ, ಹೀಗೆ ಎರಡೂ ಕಡೆಯಿಂದ ಬೆರಳಲ್ಲಿ ಒತ್ತುತ್ತಾ ಮಧ್ಯಕ್ಕೆ ಬನ್ನಿ.

ಮನೆಯಲ್ಲಿ ಮಕ್ಕಳಿದ್ದರೆ ಮೇಲಿನ ಕಪಾಟು, ಬೀಗದ್ದು. ನಮ್ಮ ಕಾಕಾ ಒಬ್ಬರು ಬಂದಾಗಲೆಲ್ಲ, "ಏನಪಾ ತಮ್ಮಾ, ಇನ್ನಾ ಹುಡುಗ್ರ ಪುಸ್ತಕ ಓದ್ಲಕತ್ತೀದಿ?" ಅನ್ನುತ್ತಾರೆ. ಚಿತ್ರ ಇದ್ದರೆ ಮಕ್ಕಳದ್ದು ಅನ್ನುವ ನಂಬಿಕೆ ನಮ್ಮಲ್ಲಿ ಅಷ್ಟು ಗಟ್ಟಿ, ಹಾಗಾಗಿಯೇ ದೊಡ್ಡವರು ಯೋಚನೆ ಇಲ್ಲದೆ ಮಗುವಿನ ಕೈಗೆ ಎತ್ತಿ ಕೊಟ್ಟುಬಿಡುತ್ತಾರೆ. ಡಿಸಿ 17+ ಅಂತ ಹಾಕುತ್ತದೆ, ವಿಝ್ ಎಂ, ಅಂದ್ರೆ ದೊಡ್ಡವರಿಗೆ, ಅಂತ ಹಾಕುತ್ತದೆ. ಆ ಗುರುತು ನೋಡಿ ಎಲ್ಲಿ ಇಡಬೇಕು ಅಂತ ತೀರ್ಮಾನ ಮಾಡಿ, ಏನು ಕೊಳ್ಳಬೇಕು ಅಂತ ಮಾಡಬೇಡಿ. ರಕ್ತ, ಬೈಗುಳ, ಬೆತ್ತಲೆ ಇಷ್ಟೇ ಇರುವ ಪುಸ್ತಕಕ್ಕೂ ಅದೇ ಗುರುತು, ಸಾವು, ಸಾಲ, ಮುದಿತನ, ಮುರಿದ ಮದುವೆ ಬಗ್ಗೆ ಗಂಭೀರವಾಗಿ ಬರೆದ ಪುಸ್ತಕಕ್ಕೂ ಅದೇ ಗುರುತು.

ಭಾರತದ ಪುಸ್ತಕಗಳಿಗೆ ಈ ಪಟ್ಟಿಗಳು ಉಪಯೋಗಕ್ಕೆ ಬರುವುದಿಲ್ಲ. ಅವು ಸಾಮಾನ್ಯ ಪ್ರಕಾಶಕರಿಂದ ಬರುತ್ತವೆ. ಅಂಬೇಡ್ಕರ್ ಬದುಕಿನ ಮೇಲೆ ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ಗೊಂಡ ಶೈಲಿಯಲ್ಲಿ ಚಿತ್ರ ಬಿಡಿಸಿದ ಭೀಮಾಯನ 2011ರಲ್ಲಿ ಬಂದಿದ್ದು ನವಯಾನದಿಂದ. ಅದು ಯಾವ ಕಾಮಿಕ್ಸ್ ಪಟ್ಟಿಯ ದಾರಿಯಲ್ಲೂ ನನಗೆ ಸಿಗುತ್ತಿರಲಿಲ್ಲ. ಹಾಗಾಗಿ ಅಂಥ ಪ್ರಕಾಶಕರ ಹೊಸ ಪುಸ್ತಕಗಳನ್ನು ಬೇರೆಯೇ ನೋಡುತ್ತೇನೆ, ಕೆಂಪು ಪುಸ್ತಕದ ಕೊನೆಯ ಪುಟಗಳು ಅವಕ್ಕೇ ಮೀಸಲು.

ಎಲ್ಲವನ್ನೂ ಒಬ್ಬರೇ ಕೊಳ್ಳಲಾಗದು. ಬೀದರಿನ ಗೆಳೆಯ ಮಾಂಗಾ ಕೊಳ್ಳುತ್ತಾನೆ, ನಾನು ಇಮೇಜ್, ಡಾರ್ಕ್ ಹಾರ್ಸ್ ಕೊಳ್ಳುತ್ತೇನೆ, ಯಾರಾದರೂ ಆ ಕಡೆ ಹೋಗುವವರಿದ್ದರೆ ಅವರ ಕೈಯಲ್ಲಿ ಚೀಲ ಕೊಟ್ಟು ಕಳಿಸುತ್ತೇವೆ. ಯಾದಗಿರಿ ಕಡೆಯವರು ಯಾರಾದರೂ ಭಾರತದ ಪುಸ್ತಕಗಳ ಪಾಲು ಹೊರುತ್ತೇನೆ ಅಂದರೆ ಮೂರನೇ ಚೀಲ ಈಗಲೇ ಶುರು ಮಾಡಬಹುದು.